ತುತ್ತು ತಿನ್ನಿಸಿದರೆ ಹೋಗುವ ಕಾಯಿಲೆಯಲ್ಲ ಇದು

"ಗಂಡ ಪ್ರೀತಿಯಿಂದ ನಾಲ್ಕು ತುತ್ತು ತಿನ್ನಿಸಿದರೆ ಯಾವ ಹೆಂಗಸು ತಾನೇ ಬೇಡ ಅಂತಾಳೆ?" ಈ ಮಾತು ಆಡುವವರು ಕೆಟ್ಟವರೇನಲ್ಲ. ಅತ್ತೆ ಆಡುತ್ತಾರೆ, ತವರಿನ ಚಿಕ್ಕಮ್ಮ ಆಡುತ್ತಾರೆ, ಆಫೀಸಿನ ಗೆಳೆಯ ಆಡುತ್ತಾನೆ, ಒಮ್ಮೊಮ್ಮೆ ಬಡಾವಣೆಯ ಡಾಕ್ಟರೂ ಆಡುತ್ತಾರೆ. ಹೆಂಡತಿ ಅನೊರೆಕ್ಸಿಯಾ ಬಂದು ದಿನದಿನಕ್ಕೆ ಒಣಗುತ್ತಿದ್ದರೂ, ಬುಲಿಮಿಯಾ ಬಂದು ಉಂಡದ್ದನ್ನೆಲ್ಲ ಗುಟ್ಟಾಗಿ ಕಕ್ಕುತ್ತಿದ್ದರೂ ಗಂಡನಿಗೆ ನಾವು ಕೊಡುವ ಸಲಹೆ ಒಂದೇ: ಪ್ರೀತಿ ತೋರಿಸು, ಉಣ್ಣುತ್ತಾಳೆ. ಅದರ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಅವಳು ಉಣ್ಣಲಿಲ್ಲವೆಂದರೆ ನಿನ್ನ ಪ್ರೀತಿಯಲ್ಲೇ ಏನೋ ಕಮ್ಮಿ ಇದೆ. ಮೊದಲನೆಯದು ಅಜ್ಞಾನ, ಎರಡನೆಯದು ಕ್ರೌರ್ಯ. ಎರಡೂ ಸೇರಿ ನಮ್ಮ ಮನೆಗಳಲ್ಲಿ ಒಂದು ಗಂಭೀರ ಕಾಯಿಲೆಯನ್ನು ವರ್ಷಗಟ್ಟಲೆ ಡಾಕ್ಟರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿವೆ.

ಹೆಂಡತಿಗೆ ಸಕ್ಕರೆ ಕಾಯಿಲೆ ಇದ್ದರೆ "ಪ್ರೀತಿ ಮಾಡು, ಸಕ್ಕರೆ ಇಳಿಯುತ್ತೆ" ಎಂದು ಯಾರೂ ಗಂಡನಿಗೆ ಹೇಳುವುದಿಲ್ಲ. ಅನೊರೆಕ್ಸಿಯಾ, ಬುಲಿಮಿಯಾದಂಥ ಈಟಿಂಗ್ ಡಿಸಾರ್ಡರ್ ವಿಷಯದಲ್ಲಿ ಮಾತ್ರ ಹೇಳುತ್ತೇವೆ, ಏಕೆಂದರೆ ಉಣ್ಣುವುದು ಎಲ್ಲರಿಗೂ ಬರುವ ಕೆಲಸ. ತಟ್ಟೆ ಎದುರಿಗಿದೆ, ಕೈ ಇದೆ, ಬಾಯಿ ಇದೆ, ಇನ್ನು ಉಣ್ಣದಿರುವುದು ಹಠವಲ್ಲದೆ ಮತ್ತೇನು ಎಂಬುದು ನಮ್ಮ ತರ್ಕ. ಆದರೆ ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಹೀಗೆ ಸಾಯುವವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಆತ್ಮಹತ್ಯೆಯಿಂದ ಸಾಯುತ್ತಾರೆ. ಬುಲಿಮಿಯಾದಲ್ಲಿ ಮೈತೂಕ ಹೆಚ್ಚುಕಡಿಮೆ ಮಾಮೂಲಾಗಿಯೇ ಇರುತ್ತದೆ, ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಹಠ ಹಿಡಿದವರು ಇಷ್ಟು ದೂರ ಹೋಗುವುದಿಲ್ಲ, ಎರಡು ಹೊತ್ತು ಕಳೆದರೆ ಹಸಿವಾಗಿ ಅಡುಗೆಮನೆಗೆ ಬರುತ್ತಾರೆ.

ಹಠದ ವಾದಕ್ಕೆ ಉತ್ತರ ಸಿಕ್ಕಿ ಎಂಬತ್ತು ವರ್ಷವಾಯಿತು. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿದ್ದ ಪ್ರಯೋಗಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸೇರಿಸಿದರು. ಯುದ್ಧದಲ್ಲಿ ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದೆ ಬದಲಿ ಸೇವೆಗೆ ಬಂದಿದ್ದವರು ಅವರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರನ್ನೇ ಆರಿಸಲಾಗಿತ್ತು. ಆರು ತಿಂಗಳ ಕಾಲ ಅವರಿಗೆ ಬೇಕಿದ್ದ ಆಹಾರದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡಲಾಯಿತು. ದೇಹದ ತೂಕದಲ್ಲಿ ಕಾಲು ಭಾಗದಷ್ಟು ಕರಗಿತು. ಆಮೇಲೆ ನಡೆದದ್ದನ್ನು ಈಟಿಂಗ್ ಡಿಸಾರ್ಡರ್ ಇರುವ ಮನೆಯವರು ಓದಿದರೆ ಬೆಚ್ಚಿಬೀಳುತ್ತಾರೆ. ಆ ಗಂಡಸರು ಒಂದು ತಟ್ಟೆ ಊಟದ ಮುಂದೆ ಗಂಟೆಗಟ್ಟಲೆ ಕೂರತೊಡಗಿದರು, ಆಲೂಗಡ್ಡೆಯನ್ನು ಚೂರುಚೂರು ಮಾಡಿ ಆಚೀಚೆ ತಳ್ಳುತ್ತಿದ್ದರು. ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದಿದರು. ಗೆಳೆತನ ಬೇಡವಾಯಿತು, ಹೆಣ್ಣಿನ ಬಗೆಗಿನ ಆಸೆ ಸತ್ತಿತು, ಸಣ್ಣ ಮಾತಿಗೂ ಸಿಡುಕು ಬಂತು. ಒಬ್ಬನಂತೂ ಕೊಡಲಿಯಿಂದ ತನ್ನ ಮೂರು ಬೆರಳು ಕಡಿದುಕೊಂಡ. ಬೇಕೆಂದೇ ಮಾಡಿದನೋ ಆಕಸ್ಮಿಕವೋ ಎಂಬುದು ಅವನಿಗೇ ತಿಳಿಯಲಿಲ್ಲ. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚಿರಲಿಲ್ಲ. ಯಾರೂ ಹಠಮಾರಿಗಳಾಗಿರಲಿಲ್ಲ. ಹಸಿದ ಮಿದುಳು ಮಾಡುವ ಕೆಲಸವೇ ಅದು. ಹೊಟ್ಟೆತುಂಬ ಊಟ ಮತ್ತೆ ಶುರುವಾದ ಮೇಲೂ ಅವರ ಮನಸ್ಸು ತಹಬಂದಿಗೆ ಬರಲು ತಿಂಗಳುಗಳು ಹಿಡಿದವು.

ಹಾಗೆಂದು ಕಾಯಿಲೆಯೆಲ್ಲ ಹಸಿವಿನಿಂದಲೇ ಹುಟ್ಟುತ್ತದೆ ಎಂದಲ್ಲ. 2019ರಲ್ಲಿ ಪ್ರಕಟವಾದ ದೊಡ್ಡ ವಂಶವಾಹಿ ಅಧ್ಯಯನವೊಂದು ಅನೊರೆಕ್ಸಿಯಾಕ್ಕೆ ನಂಟಿರುವ ಎಂಟು ತಾಣಗಳನ್ನು ಜೀನೋಮಿನಲ್ಲಿ ಗುರುತಿಸಿತು, ಮತ್ತು ಮನಸ್ಸಿನಷ್ಟೇ ದೇಹದ ಚಯಾಪಚಯಕ್ಕೂ ಇದರಲ್ಲಿ ಪಾಲಿದೆ ಎಂದು ತೋರಿಸಿತು. ಅಂದರೆ ಮದುವೆಯ ದಿನ ಹೆಂಡತಿಯೊಂದಿಗೆ ಬಂದದ್ದರಲ್ಲಿ ಈ ವಂಶವಾಹಿಗಳೂ ಇದ್ದವು. ಗಂಡ ಪ್ರೀತಿಸಲಿಲ್ಲ, ಅತ್ತೆ ಕಾಟ ಕೊಟ್ಟಳು ಎಂದು ಒಂದೇ ಏಟಿಗೆ ತೀರ್ಪು ಕೊಡುವವರು ಸ್ವಲ್ಪ ತಡೆದುಕೊಳ್ಳುವುದು ಒಳ್ಳೆಯದು. ಮನೆಯ ವಾತಾವರಣ ಕಾಯಿಲೆಯನ್ನು ಹೆಚ್ಚಿಸಬಹುದು, ಸಂಸಾರದ ಹಿಂಸೆ ನಿಜವಾಗಿಯೇ ಇದ್ದರೆ ಅದನ್ನು ಬೇರೆಯಾಗಿಯೇ ಎದುರಿಸಬೇಕು. ಆದರೆ ಪ್ರೀತಿಯ ಕೊರತೆಯಿಂದ ಹುಟ್ಟಿದ್ದು, ಪ್ರೀತಿ ತುಂಬಿದರೆ ಹೋಗುವಂಥದ್ದು ಎಂಬ ಲೆಕ್ಕಕ್ಕೆ ಆಧಾರವಿಲ್ಲ.

ನಮ್ಮಲ್ಲಿ ಈ ಕಾಯಿಲೆ ಕಮ್ಮಿ ಎನ್ನುವವರಿದ್ದಾರೆ. ಅವರು ನಮ್ಮ ಪಂಕ್ತಿಯನ್ನು ಸರಿಯಾಗಿ ನೋಡಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳನ್ನು ನಾವು ಒಳ್ಳೆಯ ಸೊಸೆ ಎನ್ನುತ್ತೇವೆ. ಕೊನೆಗೆ ಉಣ್ಣುವವಳ ತಟ್ಟೆಯನ್ನು ನೋಡುವವರು ಯಾರು? ಮಾವನಿಗೆ ಮುದ್ದೆ ಕಟ್ಟಿ, ಮಕ್ಕಳಿಗೆ ಡಬ್ಬಿ ತುಂಬಿ, ಗಂಡನಿಗೆ ಇನ್ನೊಂದು ಸೌಟು ಹುಳಿ ಹಾಕಿ, ಎಲ್ಲರೂ ಕೈತೊಳೆದು ಟೀವಿ ಮುಂದೆ ಕೂತ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಉಂಡಳೋ, ಪಾತ್ರೆಯಲ್ಲಿ ಉಳಿದದ್ದನ್ನು ಹಾಗೇ ಹಸುವಿನ ಬಕೆಟ್ಟಿಗೆ ಸುರಿದಳೋ, ಯಾರಿಗೂ ಗೊತ್ತಾಗುವುದಿಲ್ಲ. ಮಿನೆಸೋಟದ ಯುವಕರು ಅಡುಗೆ ಪುಸ್ತಕ ಓದಿದಂತೆ, ಅನೊರೆಕ್ಸಿಯಾ ಇರುವವರಲ್ಲಿ ಅನೇಕರು ಬೇರೆಯವರಿಗೆ ಬಗೆಬಗೆಯ ಅಡುಗೆ ಮಾಡಿ ಬಡಿಸುವುದರಲ್ಲಿ ಮುಳುಗಿಹೋಗುತ್ತಾರೆ. ಬೇರೆ ದೇಶದಲ್ಲಿ ಇದು ಡಾಕ್ಟರು ಗುರುತಿಸುವ ಲಕ್ಷಣ. ನಮ್ಮಲ್ಲಿ ಅದಕ್ಕೆ ಅನ್ನಪೂರ್ಣೆ ಎಂಬ ಬಿರುದು. ಇದರ ಜೊತೆಗೆ ಸೋಮವಾರ, ಸಂಕಷ್ಟಿ, ಏಕಾದಶಿ. ಭಕ್ತಿಯಿಂದ ಉಪವಾಸ ಮಾಡುವವರ ಮೇಲೆ ನನಗೆ ತಕರಾರಿಲ್ಲ. ಆದರೆ ವಾರಕ್ಕೆ ಒಂದು ಉಪವಾಸ ಮೂರಾಗಿ, ಪಾರಣೆಯ ದಿನವೂ ಹೊಟ್ಟೆ ಸರಿಯಿಲ್ಲವೆಂಬ ನೆಪ ಬರತೊಡಗಿದರೆ ಅಲ್ಲಿ ದೇವರಿಗಿಂತ ಬೇರೇನೋ ಕೂತಿದೆ ಎಂದು ಮನೆಯವರಿಗೆ ಹೊಳೆಯಬೇಕು.

ಹೊಟ್ಟೆ ಸರಿಯಿಲ್ಲ ಎಂಬ ಮಾತಿನ ಹಿಂದೆ ಇನ್ನೊಂದು ಸಂಗತಿಯಿದೆ. ಅನೊರೆಕ್ಸಿಯಾ ಎಂದರೆ ದಪ್ಪಗಾಗುವ ಭಯ ಎಂದು ಪಶ್ಚಿಮದ ಪುಸ್ತಕಗಳು ಹೇಳುತ್ತ ಬಂದವು. ಹಾಂಗ್‌ಕಾಂಗಿನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು ತಮ್ಮ ಅನೇಕ ರೋಗಿಗಳಲ್ಲಿ ಆ ಭಯವೇ ಕಾಣಲಿಲ್ಲ, ಅವರು ಹೊಟ್ಟೆ ಉಬ್ಬರವೆಂದು ಹೇಳಿಕೊಂಡೇ ಸೊರಗಿದರು ಎಂದು ಬರೆದರು. 1995ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಪ್ರಕಟಿಸಿದ ಭಾರತೀಯ ರೋಗಿಗಳ ವರದಿಯಲ್ಲೂ ಅದೇ ಚಿತ್ರ. ಹೀಗಾಗಿ ನಮ್ಮ ಹೆಂಗಸರು ಮೊದಲು ಹೋಗುವುದು ಗ್ಯಾಸ್ಟ್ರಿಕ್ ಡಾಕ್ಟರ ಹತ್ತಿರ. ಎಂಡೋಸ್ಕೋಪಿ ಆಗುತ್ತದೆ, ರಿಪೋರ್ಟ್ ನಾರ್ಮಲ್ ಬರುತ್ತದೆ, ಗಂಡನಿಗೆ ಸಮಾಧಾನವಾಗುತ್ತದೆ. "ಏನೂ ಇಲ್ಲ ಅಂದ್ರಲ್ಲ, ಇನ್ನಾದ್ರೂ ಸರಿಯಾಗಿ ಊಟ ಮಾಡೇ" ಎಂಬಲ್ಲಿಗೆ ಕತೆ ಮತ್ತೆ ಮೊದಲಿಗೇ ಬರುತ್ತದೆ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಗಿತ್ತು. ಇಂಥ ರೋಗಿಗಳನ್ನು ತಾವು ನೋಡಿದ್ದೇವೆ ಎಂದು ಅವರಲ್ಲಿ ಅನೇಕರು ಹೇಳಿದ್ದರು.

ಈಗ ತುತ್ತಿನ ಪ್ರೀತಿಗೆ ಬರೋಣ. ಅದು ನಿಜಜೀವನದಲ್ಲಿ ನಡೆಯುವ ಬಗೆ ಹೀಗೆ. ಮೊದಲು ಪುಸಲಾವಣೆ. ನಂತರ ಆಣೆ: "ನನ್ನ ಮೇಲೆ ಆಣೆ, ಇದೊಂದು ತುತ್ತು." ಆಮೇಲೆ ಬೆದರಿಕೆ: "ನೀನು ತಿನ್ನದಿದ್ದರೆ ನಾನೂ ತಿನ್ನಲ್ಲ." ಕೊನೆಗೆ ತಟ್ಟೆ ಎತ್ತಿ ಕುಕ್ಕುವುದು. ಪ್ರತಿ ಹಂತದಲ್ಲೂ ಊಟದ ಮೇಲೆ ಇನ್ನಷ್ಟು ಭಾರ ಕೂರುತ್ತದೆ. ಅನ್ನ ಅನ್ನವಾಗಿ ಉಳಿಯದೆ ಗಂಡನ ಮೇಲಿನ ನಿಷ್ಠೆಯ ಪರೀಕ್ಷೆಯಾಗುತ್ತದೆ. ಅವನನ್ನು ನೋಯಿಸಲಾರದೆ ಅವಳು ಉಣ್ಣುತ್ತಾಳೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾಳೆ. ಅನ್ನ ದೇವರು, ಕಾಲಲ್ಲಿ ತುಳಿಯಬಾರದು ಎಂದು ಕೇಳಿಕೊಂಡೇ ಬೆಳೆದವಳಿಗೆ ಅದು ಎಂಥ ನಾಚಿಕೆ, ಎಂಥ ಪಾಪಭೀತಿ ಎಂದು ಊಹಿಸಿ. ಆ ನಾಚಿಕೆಯೇ ಮುಂದಿನ ಸಲ ಇನ್ನಷ್ಟು ಗುಟ್ಟು ಮಾಡಿಸುತ್ತದೆ.

1995ರ ನವೆಂಬರಿನಲ್ಲಿ ರಾಜಕುಮಾರಿ ಡಯಾನಾ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ತಮ್ಮ ಬುಲಿಮಿಯಾ ಬಗ್ಗೆ ಮಾತನಾಡಿದರು. ಅವರು ಹೇಳಿದ ಒಂದು ವಿವರ ಮಾತ್ರ ನಮಗಿಲ್ಲಿ ಬೇಕು. ಇಷ್ಟು ಅನ್ನವನ್ನೂ ಆಮೇಲೆ ಹಾಳು ಮಾಡುತ್ತೀಯಲ್ಲವೇ ಎಂಬರ್ಥದ ಮಾತನ್ನು ಅವರು ಹಲವು ಸಲ ಕೇಳಬೇಕಾಗಿ ಬಂತು. ಆ ಮಾತೇ ಒತ್ತಡವಾಯಿತು, ಕಕ್ಕುವುದೇ ಒತ್ತಡ ಹೊರಹಾಕುವ ದಾರಿಯಾಗಿತ್ತು, ಹಾಗಾಗಿ ಅದನ್ನೇ ಮಾಡಿದೆ ಎಂದರು ಡಯಾನಾ. ಅರಮನೆಯ ಮೇಜಿನಲ್ಲಿ ನಡೆದದ್ದು ಇದು. ನಮ್ಮ ಸ್ಟೀಲ್ ತಟ್ಟೆಯ ಮುಂದೆಯೂ ಹೀಗೇ ನಡೆಯುತ್ತದೆ, "ಎಷ್ಟು ರೇಟು ಗೊತ್ತಾ ಈಗ ಬೇಳೆಗೆ" ಎಂಬ ಒಂದು ಮಾತು ಹೆಚ್ಚಾಗಿ.

ಇನ್ನು ಬಲವಂತದ ಊಟದಲ್ಲಿ ಜೀವಕ್ಕೇ ಅಪಾಯವಿದೆ. ತುಂಬ ದಿನ ಹಸಿದು ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಅನ್ನ ಇಳಿಸಿದರೆ ರಕ್ತದಲ್ಲಿನ ಫಾಸ್ಫೇಟ್ ದಿಢೀರನೆ ಕುಸಿದು ಹೃದಯ, ಉಸಿರಾಟ ಎರಡಕ್ಕೂ ಧಕ್ಕೆಯಾಗಬಹುದು. ಎರಡನೇ ಮಹಾಯುದ್ಧದಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಕೈದಿಗಳಲ್ಲಿ ಈ ಅಪಾಯ ಕಂಡಿತ್ತು. ಅದಕ್ಕೇ ತೀರಾ ಸೊರಗಿದವರಿಗೆ ಎಷ್ಟು ಕೊಡಬೇಕು, ಎಷ್ಟು ದಿನದಲ್ಲಿ ಏರಿಸಬೇಕು ಎಂಬುದನ್ನು ರಕ್ತಪರೀಕ್ಷೆ ನೋಡುತ್ತ ಡಾಕ್ಟರೇ ನಿರ್ಧರಿಸಬೇಕು. ಊರಿನಿಂದ ಬಂದ ದೊಡ್ಡಮ್ಮ "ನನ್ನ ಕೈಗೆ ಒಂದು ವಾರ ಬಿಡು, ತುಪ್ಪ ಸುರಿದು ಸರಿ ಮಾಡ್ತೀನಿ" ಎಂದರೆ ಕೈಮುಗಿದು ಬೇಡ ಎನ್ನುವುದೂ ಗಂಡನ ಕೆಲಸವೇ.

ತುತ್ತಿನ ಪ್ರೀತಿ ಸೋತಾಗ ನಮ್ಮ ಜನ ನೇರವಾಗಿ ಇನ್ನೊಂದು ತುದಿಗೆ ಹಾರುತ್ತಾರೆ: ತವರಿಗೆ ಕಳಿಸು, ಅಥವಾ ಡಾಕ್ಟರಿಗೆ ಒಪ್ಪಿಸಿ ನೀನು ದೂರವಿರು. ಇದಕ್ಕೆ ವೈದ್ಯಶಾಸ್ತ್ರದ ಹಳೆಯ ಬೆಂಬಲವೂ ಇತ್ತು. ಈ ಕಾಯಿಲೆಗೆ 1870ರ ದಶಕದಲ್ಲಿ ಇಂದಿನ ಹೆಸರು ಕೊಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥವರನ್ನು ನೋಡಿಕೊಳ್ಳಲು ಬಂಧುಮಿತ್ರರಷ್ಟು ಕೆಟ್ಟವರಿಲ್ಲ ಎಂದೇ ಬರೆದಿದ್ದ. ನಂತರ ಹಲವು ದಶಕ ಮನೆಯವರನ್ನು ವಾರ್ಡಿನ ಬಾಗಿಲಲ್ಲೇ ನಿಲ್ಲಿಸಲಾಯಿತು. ಆ ನಂಬಿಕೆಯನ್ನು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು ಮುರಿದರು. 1979ರಲ್ಲಿ ಬುಲಿಮಿಯಾವನ್ನು ಮೊದಲು ವಿವರಿಸಿದ ಜೆರಾಲ್ಡ್ ರಸೆಲ್ ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಶುರುವಾಗಿ ಹೆಚ್ಚು ಕಾಲವಾಗದ ಹದಿಹರೆಯದವರಿಗೆ ಕುಟುಂಬವನ್ನು ಸೇರಿಸಿಕೊಂಡ ಚಿಕಿತ್ಸೆಯೇ ಮೇಲೆನಿಸಿತು. ದೊಡ್ಡವರ ವಿಷಯದಲ್ಲಿ ಅದು ಅಷ್ಟು ಸರಳವಾಗಿರಲಿಲ್ಲ, ಮದುವೆಯಾದ ಹೆಂಗಸನ್ನು ಅಪ್ಪ ಅಮ್ಮ ಕೂರಿಸಿ ಉಣ್ಣಿಸಲಾಗದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಬ್ಯುಲಿಕ್ ಮತ್ತು ಡೊನಾಲ್ಡ್ ಬೌಕಮ್ ಗಂಡಹೆಂಡಿರನ್ನು ಒಟ್ಟಿಗೆ ಕೂರಿಸುವ ಚಿಕಿತ್ಸಾಕ್ರಮ ರೂಪಿಸಿದ್ದು ಈ ತೊಡಕಿನಿಂದಲೇ. ಅದು ಪವಾಡವಲ್ಲ. ಆದರೆ ಸಂಗಾತಿಯನ್ನು ಹೊರಗಿಟ್ಟರೆ ಅವನು ಎರಡರಲ್ಲಿ ಒಂದು ಮಾಡುತ್ತಾನೆ, ಪೊಲೀಸನಾಗುತ್ತಾನೆ ಇಲ್ಲವೇ ಮೌನವಾಗುತ್ತಾನೆ. ಎರಡೂ ಕಾಯಿಲೆಗೇ ಅನುಕೂಲ.

ಹಾಗಾದರೆ ಅವನು ಮಾಡಬೇಕಾದದ್ದು? ಪ್ರಣಯಕಥೆಗೆ ಒಗ್ಗದ, ತೀರಾ ನೀರಸವಾದ ಕೆಲಸ. ಹೊತ್ತಿಗೆ ಸರಿಯಾಗಿ ಜೊತೆಯಲ್ಲಿ ಊಟಕ್ಕೆ ಕೂರುವುದು. ಬಡಿಸುವ ಪಾಳಿಯನ್ನು ತಾನು ತೆಗೆದುಕೊಳ್ಳುವುದು, ಕೊನೆಗೆ ಉಣ್ಣುವ ಪದ್ಧತಿಯನ್ನು ಅಮ್ಮನ ಮುಖ ಸಣ್ಣದಾದರೂ ನಿಲ್ಲಿಸುವುದು. ಊಟದ ಹೊತ್ತಲ್ಲಿ ಊಟದ ಮಾತೇ ಎತ್ತದೆ ಮಗುವಿನ ಸ್ಕೂಲು, ಕ್ರಿಕೆಟ್ಟು, ಪಕ್ಕದ ಮನೆಯ ಬೋರ್‌ವೆಲ್ ಯಾವುದನ್ನಾದರೂ ಮಾತಾಡುವುದು. ಉಂಡ ಮೇಲೆ ಸ್ವಲ್ಪ ಹೊತ್ತು ಅವಳ ಜೊತೆಗೇ ಇರುವುದು, ಕಾವಲಿಗೆ ಕೂತಂತೆ ಕಾಣದ ಹಾಗೆ. ಏನು ಸಹಾಯವಾಗುತ್ತದೆ, ಏನು ಕಿರಿಕಿರಿ ಎಂಬುದನ್ನು ತಟ್ಟೆಯ ಮುಂದೆ ಚರ್ಚಿಸದೆ, ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಚಿಕಿತ್ಸಕರ ಎದುರಿಗೆ ಇಬ್ಬರೂ ಮಾತಾಡಿ ಒಪ್ಪಿಕೊಳ್ಳುವುದು. ಅವಳ ಮೈ ಬಗ್ಗೆ ಹೊಗಳಿಕೆಯ ಮಾತೂ ಬೇಡ. "ಈಗ ಸ್ವಲ್ಪ ಕಳೆ ಬಂತು ನೋಡು" ಎಂದು ಅವನು ಖುಷಿಯಿಂದ ಹೇಳಿದ್ದು ಅವಳ ಕಿವಿಗೆ "ದಪ್ಪಗಾದೆ" ಎಂದೇ ಬೀಳುತ್ತದೆ.

ಬಿಡಬೇಕಾದದ್ದು ಇನ್ನೂ ಕಷ್ಟ. ನೆಂಟರ ಮನೆಯ ಗೃಹಪ್ರವೇಶದಲ್ಲಿ "ಇವತ್ತು ಅವಳಿಗೆ ಉಪವಾಸ" ಎಂದು ಗಂಡ ಸುಳ್ಳು ಹೇಳಿ ಹೆಂಡತಿಯನ್ನು ಪಾರು ಮಾಡುತ್ತಾನೆ. ಅವಳು ಕೇಳಿದಂತೆ ಬೇರೆಯೇ ಪಾತ್ರೆ, ಬೇರೆಯೇ ತಕ್ಕಡಿ ತಂದುಕೊಡುತ್ತಾನೆ. ಬೆಳಿಗ್ಗೆ ನಾಲ್ಕಕ್ಕೆದ್ದು ಅವಳು ಓಡಲು ಹೊರಟರೆ ಸುಮ್ಮನಿರುತ್ತಾನೆ. ಜಗಳ ಬೇಡವೆಂಬ ಒಂದೇ ಆಸೆ ಅವನದು. ಕಾಯಿಲೆಗೆ ಹೀಗೆ ಜಾಗ ಬಿಟ್ಟುಕೊಟ್ಟಷ್ಟೂ ಅದು ಬೇರೂರುತ್ತದೆ ಎಂದು ಈ ಮನೆಗಳನ್ನು ದಶಕಗಳಿಂದ ನೋಡುತ್ತಿರುವ ಲಂಡನ್ನಿನ ಜಾನೆಟ್ ಟ್ರೆಷರ್ ಹೇಳುತ್ತ ಬಂದಿದ್ದಾರೆ. ಅವರು ಮನೆಯವರಿಗೆ ಕಲಿಸುವುದು ವಾದ ಮಾಡುವುದನ್ನಲ್ಲ, ಮೆದುವಾಗಿಯೂ ಬಗ್ಗದೆಯೂ ನಿಲ್ಲುವುದನ್ನು. ಅದನ್ನು ಕಲಿಯಬೇಕಾಗುತ್ತದೆ, ಪ್ರೀತಿ ಇದ್ದವರಿಗೆ ತಾನಾಗಿಯೇ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಪ್ರೀತಿ ಇದ್ದರೆ ಸಾಕು ಎಂದವರು ಗಂಡನಿಗೆ ಕಲಿಯುವ ಅವಕಾಶವನ್ನೇ ಕೊಡುವುದಿಲ್ಲ.

ಇಷ್ಟರವರೆಗೆ ಗಂಡ, ಹೆಂಡತಿ ಎಂದೆ. ತಿರುಗಿಸಿ ನೋಡಿದರೆ ನಮ್ಮ ನ್ಯಾಯ ಎಷ್ಟು ಸೊಟ್ಟ ಎಂದು ಕಾಣುತ್ತದೆ. ಈ ಕಾಯಿಲೆ ಗಂಡಸರಿಗೂ ಬರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿಡಿತ ತಪ್ಪಿ ತಿಂದು ಬೆಳಿಗ್ಗೆ ತನ್ನನ್ನೇ ಶಪಿಸಿಕೊಳ್ಳುವವನಿದ್ದಾನೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಹೀಗೆ ಹಿಡಿತ ತಪ್ಪಿ ತಿನ್ನುವುದನ್ನು ಸ್ವತಂತ್ರ ಕಾಯಿಲೆಯೆಂದೇ ಸೇರಿಸಿಕೊಂಡಿತು. ಜಿಮ್ಮಿನ ಹೆಸರಲ್ಲಿ ಅನ್ನ ಬಿಟ್ಟು ಒಣಗುವವನೂ ಇದ್ದಾನೆ. ಹೆಂಡತಿಗೆ ಕಾಯಿಲೆಯಾಗಿ ಗಂಡ ಜೊತೆಗೆ ನಿಂತರೆ ಅವನು ದೇವರಂಥ ಮನುಷ್ಯ. ಗಂಡನಿಗೆ ಕಾಯಿಲೆಯಾದರೆ ಮೊದಲ ಪ್ರಶ್ನೆ ಬರುವುದು ಹೆಂಡತಿಗೆ: "ಅಡುಗೆ ಸರಿಯಾಗಿ ಮಾಡಿಹಾಕ್ತೀಯೋ ಇಲ್ವೋ?" ಅವಳಿಗೆ ಹೊಗಳಿಕೆ ಇಲ್ಲ, ರಜೆ ಇಲ್ಲ, ಕಾಯಿಲೆಯ ಹೆಸರು ಹೇಳಿದರೆ "ಗಂಡಸಿಗೆ ಅದೆಲ್ಲ ಬರುತ್ತೇನೇ" ಎಂಬ ನಗು.

ಹುಡುಗಿಯ ಕಾಯಿಲೆ ಗೊತ್ತಿದ್ದೂ "ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ" ಎಂದು ಮುಚ್ಚಿಟ್ಟು ಧಾರೆ ಎರೆಯುವವರ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಅದು ಇಬ್ಬರಿಗೂ ಮಾಡುವ ದ್ರೋಹ.

ಅವಸರದವರಿಗೆ ಒಂದು ಲೆಕ್ಕ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ತಮ್ಮ ರೋಗಿಗಳನ್ನು 22 ವರ್ಷ ಹಿಂಬಾಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಬತ್ತನೇ ವರ್ಷದ ಹೊತ್ತಿಗೆ ಅನೊರೆಕ್ಸಿಯಾದಿಂದ ಪೂರ್ತಿ ಹೊರಬಂದವರು ಮೂರರಲ್ಲಿ ಒಂದು ಪಾಲಿಗಿಂತ ಕಮ್ಮಿ. 22ನೇ ವರ್ಷದ ಹೊತ್ತಿಗೆ ಸುಮಾರು ಶೇ. 63. ಬುಲಿಮಿಯಾದಲ್ಲಿ ಶೇ. 68. ಅಂದರೆ ಗುಣವಾಗುವವರೇ ಹೆಚ್ಚು, ಆದರೆ ಎರಡು ತಿಂಗಳಲ್ಲಿ ಅಲ್ಲ. ಹತ್ತು ವರ್ಷವಾದರೂ ಬಿಡಲಿಲ್ಲವೆಂದು ಕೈಚೆಲ್ಲುವ ಹಾಗೂ ಇಲ್ಲ. ಇಷ್ಟು ಉದ್ದದ ದಾರಿಯಲ್ಲಿ ಜೊತೆಗಾರನೂ ಸೋಲುತ್ತಾನೆ, ಅವನ ನಿದ್ದೆ ಹೋಗುತ್ತದೆ, ಸಿಟ್ಟು ಬರುತ್ತದೆ, ಬಿಟ್ಟುಹೋಗುವ ಯೋಚನೆಯೂ ಬರುತ್ತದೆ. ಅದಕ್ಕೆ ಅವನನ್ನು ಪಾಪಿ ಎನ್ನುವವರು ಒಂದು ಸಂಜೆ ಅವನ ಮಗುವನ್ನು ನೋಡಿಕೊಳ್ಳಲಿ, ಉಪದೇಶಕ್ಕಿಂತ ಉಪಯೋಗವಾಗುತ್ತದೆ.

"ಹಾಗಾದರೆ ಪ್ರೀತಿಗೆ ಬೆಲೆಯೇ ಇಲ್ಲವೇ?" ಎಂದು ಕೇಳುವವರಿಗೆ: ಇದೆ. ಅದು ಅವನನ್ನು ಮತ್ತೆ ಮತ್ತೆ ಆ ಊಟದ ಮುಂದೆ ತಂದು ಕೂರಿಸುತ್ತದೆ. ಗುಣಪಡಿಸುವುದು ಅದರ ಕೆಲಸವಲ್ಲ.

ನೆಂಟರಲ್ಲಿ ನನ್ನದು ಇಷ್ಟೇ ಕೋರಿಕೆ. ಮದುವೆಮನೆಯಲ್ಲಿ ಯಾರನ್ನಾದರೂ ನೋಡಿ "ಎಷ್ಟು ಇಳಿದುಹೋಗಿದ್ದೀಯಾ, ಏನು ಮಾಡಿದೆ, ನಮಗೂ ಹೇಳೇ" ಎನ್ನಬೇಡಿ. ಎಲೆಯ ಮೇಲೆ ಕೈ ಅಡ್ಡ ಹಿಡಿದವಳಿಗೆ ಬಲವಂತವಾಗಿ ಇನ್ನೊಂದು ಹೋಳಿಗೆ ಹಾಕಬೇಡಿ. ಜೊತೆಗಿರುವವರಲ್ಲಿ ಕೋರಿಕೆ: ಗ್ಯಾಸ್ಟ್ರಿಕ್ ಡಾಕ್ಟರ ಬಾಗಿಲು ಸುತ್ತಿದ್ದು ಸಾಕು, ಮನೋವೈದ್ಯರ ಹತ್ತಿರ ಹೋಗಿ, ಇಬ್ಬರೂ ಹೋಗಿ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ, ಸಾಯುವ ಮಾತು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮೈಯ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕು, ಇಲ್ಲವೆಂದರೆ ಜಗಳವಾಡಿ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಕಾಯಿಲೆಯವರ ಪರವಾಗಿ ಮನೆಯವರೂ ಕರೆ ಮಾಡಬಹುದು.